ಬಾಣಂತಿಯ ಮನೆಗೆ ಹೋದ ಕಟ್ಟಿಗೆ

ಮೂವತ್ತೆಂಟು ವರ್ಷ ನಾನು ಕಟ್ಟಿಗೆ ತಂದೆ, ಸೀಳಿದೆ, ಒಟ್ಟಿದೆ, ಮನೆಮನೆಗೆ ಮುಟ್ಟಿಸಿದೆ. ಮೊದಲು ವಿಜಯವಾಡದ ಹೊರವಲಯದಲ್ಲಿ, ಆಮೇಲೆ ವಿಶಾಖಪಟ್ಟಣದ ಗಾಜುವಾಕದಲ್ಲಿ. ಹೆಸರು ಹುಲಿಗಪ್ಪ. ತೆಲುಗಿನವರ ಬಾಯಲ್ಲಿ ಹುಲಿ ಪುಲಿಯಾಗುವುದರಿಂದ ಕಟ್ಟಿಗೆ ಡಿಪೋದಲ್ಲಿ ಎಲ್ಲರಿಗೂ ಪುಲಪ್ಪ. ನಾಲ್ಕು ವರ್ಷದ ಹಿಂದೆ ಬೆನ್ನು ಇನ್ನು ಸಾಕು ಎಂದಿತು, ಬಿಟ್ಟು ಊರಿಗೆ ಬಂದೆ.

ನಮ್ಮ ಸಿರುಗುಪ್ಪದ ಕಡೆಯಿಂದ ಈಗಲೂ ಒಬ್ಬಿಬ್ಬರು ಇದೇ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಾರೆ. ಕಟ್ಟಿಗೆ ಯಾರು ಕೊಳ್ಳುತ್ತಾರೆ ಈಗ ಎಂದು ಕೇಳಬೇಡಿ. ಬಿರಿಯಾನಿ ಹೋಟೆಲಿನವರು ಕೊಳ್ಳುತ್ತಾರೆ, ಚಳಿಗಾಲದಲ್ಲಿ ಬೆಟ್ಟದ ಮೇಲಿನ ಊರುಗಳ ಮನೆಗಳಿಗೆ ಲಾರಿಗಟ್ಟಲೆ ಹೋಗುತ್ತದೆ. ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯಲು ಇನ್ನೊಂದು ಕಾರಣವೂ ಇದೆ. ಗಾಜುವಾಕದಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದನ್ನು ಅವಳು ಓದುವುದು ನನಗೆ ಇಷ್ಟವಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಮ್ಮ ಸೋದರಮಾವನ ಹಿಂದೆ ವಿಜಯವಾಡಕ್ಕೆ ಹೋದೆ. ಕೊಂಡಪಲ್ಲಿಯ ದಾರಿಯಲ್ಲಿ ಒಂದು ಡಿಪೋ. ಮೊದಲ ತಿಂಗಳು ಕೊಡಲಿ ಕೊಡಲಿಲ್ಲ. ಒಟ್ಟುವುದನ್ನು ಕಲಿ ಎಂದರು. ಕೆಳಗೆ ಕಲ್ಲಿಟ್ಟು ನೆಲದಿಂದ ಒಂದು ಗೇಣು ಎತ್ತರಿಸಬೇಕು. ಎರಡು ತುದಿಗೂ ತುಂಡುಗಳನ್ನು ಅಡ್ಡ ಉದ್ದ ಹೇರಿ ಕಂಬ ಮಾಡಬೇಕು, ಇಲ್ಲದಿದ್ದರೆ ಇಡೀ ಒಟ್ಟಿಲು ಒಂದು ದಿನ ಯಾರ ಕಾಲ ಮೇಲಾದರೂ ಉರುಳುತ್ತದೆ. ಮೇಲಿನ ಸಾಲಿನ ತೊಗಟೆ ಆಕಾಶ ನೋಡಬೇಕು. ಇಷ್ಟು ಕಲಿಯಲು ತಿಂಗಳು ಬೇಕೇ ಎಂದುಕೊಂಡೆ. ನನ್ನ ಮೊದಲ ಒಟ್ಟಿಲು ಮೂರೇ ದಿನಕ್ಕೆ ಬಿತ್ತು.

ಕೊಡಲಿ ಕೈಗೆ ಬಂದ ವಾರದಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಶೆಡ್ಡಿನ ಮೂಲೆಯಲ್ಲಿ ಬಿಳಿಯ ಹಗುರವಾದ ಒಂದು ದಿಮ್ಮಿ ಇತ್ತು. ಬೆಣ್ಣೆಯಂತೆ ಸೀಳುತ್ತಿತ್ತು. ಖುಷಿಯಲ್ಲಿ ಪೂರ್ತಿ ಸೀಳಿ ಹಾಕಿದೆ. ಮಧ್ಯಾಹ್ನ ಕೊಂಡಪಲ್ಲಿಯ ಬೊಂಬೆ ಮಾಡುವ ಆಚಾರಿಯೊಬ್ಬರು ಸೈಕಲ್ಲಿನಲ್ಲಿ ಬಂದರು. ಆ ದಿಮ್ಮಿ ಅವರದು, ಒಣಗಲೆಂದು ನಮ್ಮಲ್ಲಿ ಇಟ್ಟಿದ್ದರು. ಬೊಂಬೆಗೆ ಬೇಕಾದ ಆ ಮೆದು ಮರ ಕಾಡಿನಲ್ಲಿ ಸಿಗುವುದೇ ಕಷ್ಟವಂತೆ. ಯಾರು ಸೀಳಿದ್ದು ಎಂದು ಯಜಮಾನರು ಕೂಗುವ ಮೊದಲೇ ನಾನು ಮುಂದೆ ಬಂದು ನಿಂತೆ.

“ನಾನೇ ರೀ. ಗೊತ್ತಿರಲಿಲ್ಲ.”

ಆಚಾರಿಗಳು ಕುಕ್ಕರಗಾಲಲ್ಲಿ ಕೂತು ತುಂಡುಗಳನ್ನು ಒಂದೊಂದೇ ತಿರುವಿ ನೋಡಿದರು. “ಆನೆ ಮಾಡೋಣ ಅಂದುಕೊಂಡಿದ್ದೆ,” ಎಂದರು ತೆಲುಗಿನಲ್ಲಿ. “ಗಿಳಿ ಮಾಡ್ತೀನಿ ಬಿಡು.” ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದರು. ಹತ್ತೊಂಬತ್ತರಲ್ಲಿ ನನಗೆ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭವಾಗಿತ್ತು!

ಗಾಜುವಾಕಕ್ಕೆ ಹೇಗೆ ಬಂದೆ, ಯಾವಾಗ ಡಿಪೋದ ಮೇಸ್ತ್ರಿಯಾದೆ ಎನ್ನುವುದು ಮುಖ್ಯವಲ್ಲ. ಅಲ್ಲಿ ಅಪ್ಪಲನರಸಮ್ಮ ಇದ್ದಳು ಎನ್ನುವುದು ಮುಖ್ಯ. ಹೆಸರಿಗೆ ನಾನು ಅವಳ ಮೇಲಿನವನು. ಆದರೆ ನನಗಿಂತ ಹದಿನೈದು ವರ್ಷ ದೊಡ್ಡವಳು, ಕೆಲಸದಲ್ಲಿ ಅದಕ್ಕಿಂತಲೂ ದೊಡ್ಡವಳು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ಸದ್ದು ಕೇಳುವಳು. ಠಣ್ ಎಂದರೆ ಒಣಗಿದೆ, ದಪ್ ಎಂದರೆ ಹಸಿ. ವಿಜಯವಾಡದ ಬಿಸಿಲಿಗೆ ಎರಡು ತಿಂಗಳಲ್ಲಿ ಒಣಗುವ ಜಾಲಿ, ವಿಶಾಖಪಟ್ಟಣದ ಕಡಲ ಗಾಳಿಯಲ್ಲಿ ನಾಲ್ಕು ತಿಂಗಳಾದರೂ ಒಳಗೆ ತೇವ ಇಟ್ಟುಕೊಂಡಿರುತ್ತದೆ ಎನ್ನುವುದನ್ನು ಕಲಿಸಿದವಳು ಅವಳೇ. ಸರ್ವೆ ಮರ ಬೇಗ ಹೊತ್ತುತ್ತದೆ, ಹುಣಸೆ ನಿಧಾನ ಆದರೆ ಕೆಂಡ ನಿಲ್ಲುತ್ತದೆ, ಗೇರಿನ ತೊಗಟೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇದೆಲ್ಲ ಅವಳದೇ ಪಾಠ.

ಬಂದರಿನ ಕಡೆಯಿಂದ ಒಬ್ಬ ಗುತ್ತಿಗೆದಾರನ ಮೂಲಕ ನಮಗೆ ಇನ್ನೊಂದು ಬಗೆಯ ಕಟ್ಟಿಗೆ ಬರುತ್ತಿತ್ತು. ಹಡಗಿನಲ್ಲಿ ಸರಕು ಅಲುಗಾಡದಂತೆ ಕೆಳಗೆ, ಪಕ್ಕಕ್ಕೆ ಕೊಡುವ ಹಲಗೆಗಳು, ತೊಲೆಗಳು. ಎಲ್ಲೆಲ್ಲಿಯೋ ಬೆಳೆದ ಮರ, ಏನೇನೋ ಮೂಟೆಗಳ ಅಡಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು. ಕೆಲವಕ್ಕೆ ಹಸಿರು ಕಲೆ, ಕೆಲವಕ್ಕೆ ಹುಳ ಹಿಡಿಯದಂತೆ ಹೊಡೆದ ಔಷಧಿಯ ವಾಸನೆ. ಅದು ಇಟ್ಟಿಗೆ ಭಟ್ಟಿಗಳಿಗೆ ಹೋಗುತ್ತಿತ್ತು. ಅಪ್ಪಲನರಸಮ್ಮ ಅದನ್ನು ಶೆಡ್ಡಿನ ಇನ್ನೊಂದು ತುದಿಯಲ್ಲಿ ಬೇರೆಯೇ ಒಟ್ಟಿಸುತ್ತಿದ್ದಳು.

“ಪುಲಪ್ಪಾ, ಇದು ಮನೆಗಳಿಗೆ ಒದ್ದು,” ಎಂದು ಮೊದಲ ದಿನವೇ ಹೇಳಿದ್ದಳು. ಅವಳ ಮಾತುಗಳನ್ನೆಲ್ಲ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಆ ‘ಒದ್ದು’ ಒಂದನ್ನು ಹಾಗೇ ಬಿಡುತ್ತೇನೆ. ‘ಬೇಡ’ ಎಂದರೆ ಅವಳು ಹೇಳಿದಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ.

ಇದಾಗಿ ಸುಮಾರು ಇಪ್ಪತ್ತು ವರ್ಷ. ಕಾರ್ತಿಕ ಮಾಸ. ಒಂದು ಬೆಳಿಗ್ಗೆ ಇಳಕಲ್ ಸೀರೆಯುಟ್ಟ ಹೆಂಗಸೊಬ್ಬರು ಡಿಪೋಗೆ ಬಂದು ಅಪ್ಪಲನರಸಮ್ಮನ ಎದುರು ನಿಂತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ನಗುತ್ತಿದ್ದರು. ಅಷ್ಟರಲ್ಲಿ ಆ ಹೆಂಗಸು ಕೆಳಗಿನಿಂದ ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದರು, ಸದ್ದು ಕೇಳಿದರು, ತಲೆಯಾಡಿಸಿದರು. ಅಪ್ಪಲನರಸಮ್ಮ ನನ್ನನ್ನು ಕೂಗಿದಳು. “ನಿಮ್ಮ ಕಡೆಯವರು ಬಂದಿದ್ದಾರೆ. ಕಟ್ಟಿಗೆ ಗೊತ್ತಿರೋ ಮನುಷ್ಯರು.”

ಅವರ ಹೆಸರು ಬಸಲಿಂಗವ್ವ, ಗದಗಿನವರು. ಅಳಿಯ ಮಂಜುನಾಥ ನೌಕಾಪಡೆಯಲ್ಲಿದ್ದ. ಕ್ವಾರ್ಟರ್ಸ್ ಸಿಗುವ ತನಕ ನಮ್ಮ ಡಿಪೋದ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಮಾಡಿದ್ದ. ಮಗಳು ಗಿರಿಜಾ ಹೆತ್ತು ಹನ್ನೆರಡು ದಿನವಾಗಿತ್ತು. ಚೊಚ್ಚಲು, ಹೆಣ್ಣು ಕೂಸು.

“ತಮ್ಮಾ, ನೀ ಕನ್ನಡದಾಂವ ಏನು! ಶಿವಾ, ಮನಿ ಹೊರಗ ಬಾಯಿ ಬಿಚ್ಚಿ ಮಾತಾಡಿ ಇಪ್ಪತ್ತು ದಿನಾ ಆಗಿತ್ತು ನೋಡು,” ಎಂದರು. “ಕೂಸಿಗೆ ಎರಿಯಾಕ ನೀರು ಕಾಸಬೇಕು. ಬಾಣಂತಿ ಖೋಲ್ಯಾಗ ಅಗ್ಗಿಷ್ಟಿಕಿಗೆ ಕೆಂಡ ಬೇಕು. ಅಳಿಯಾ ಕರೆಂಟಿಂದು ಹೀಟರ್ ತಂದಾನ, ಅದರ ಬಿಸಿ ಎಲುಬಿಗೆ ಮುಟ್ಟಂಗಿಲ್ಲ.”

ಹುಣಸೆ ಕಟ್ಟಿಗೆ ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ. ಹಿತ್ತಲಲ್ಲಿ ಕಲ್ಲಿನ ಒಲೆ, ಮೇಲೆ ಹಂಡೆ. ಮೂರು ದಿನಕ್ಕೊಮ್ಮೆ ಹೋಗುವುದು ರೂಢಿಯಾಯಿತು. ಹೋದಾಗಲೆಲ್ಲ ಮಗಳಿಗೆಂದು ಕಟ್ಟಿದ ಅಂಟಿನ ಉಂಡೆಯಲ್ಲಿ ಒಂದನ್ನು ನನ್ನ ಕೈಗೆ ಇಡುವರು. “ಕಟ್ಟಿಗಿ ಒಡಿಯಾವನ ಬೆನ್ನೂ ಬಾಣಂತಿ ಬೆನ್ನೂ ಒಂದ. ತಿನ್ನು.” ನನ್ನ ತಾಯಿ ಸತ್ತ ಮೇಲೆ ಯಾರೂ ನನಗೆ ಹಾಗೆ ತಿನ್ನಲು ಕೊಟ್ಟಿರಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಕಡಲಲ್ಲಿ ವಾಯುಭಾರ ಕುಸಿತ, ಐದು ದಿನ ಬಿಡಲಿಲ್ಲ. ಹೊರಗಿನ ಒಟ್ಟಿಲುಗಳೆಲ್ಲ ನೆನೆದವು. ಶೆಡ್ಡಿನೊಳಗಿದ್ದ ಒಣ ಕಟ್ಟಿಗೆಯನ್ನು ಹೋಟೆಲಿನವರು ಮೊದಲ ದಿನವೇ ಹೊತ್ತುಕೊಂಡು ಹೋಗಿದ್ದರು. ಐದನೆಯ ದಿನ ಬಸಲಿಂಗವ್ವ ಕೊಡೆ ಹಿಡಿದುಕೊಂಡು ತಾವೇ ಬಂದರು.

“ಒಣಾ ಕಟ್ಟಿಗಿ ಕೊಡು ತಮ್ಮಾ. ಹಸೀದು ಬ್ಯಾಡ. ಹೊಗಿ ಕೂಸಿನ ಕಣ್ಣಿಗೆ ಆಗಂಗಿಲ್ಲ.”

ಇಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಎರಡು ದಿನ ಅಳಿಯ ತಂದ ಹೀಟರಿನಲ್ಲಿ ಕಳೆಯುತ್ತಿದ್ದರು. ಆದರೆ ಇಡೀ ಊರಿನಲ್ಲಿ ಅವರಿಗೆ ಇದ್ದ ಒಬ್ಬ ನಮ್ಮವನು ನಾನು. ನನ್ನಲ್ಲಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಶೆಡ್ಡಿನ ಆ ತುದಿಯಲ್ಲಿ ಬಂದರಿನ ಕಟ್ಟಿಗೆ ಮೂಳೆಯಂತೆ ಒಣಗಿ ಕೂತಿತ್ತು. ಅಪ್ಪಲನರಸಮ್ಮ ಆ ವಾರ ರಜೆಯಲ್ಲಿದ್ದಳು. ಕಲೆಯಿಲ್ಲದ, ವಾಸನೆಯಿಲ್ಲದ ಹಲಗೆಗಳನ್ನೇ ಆರಿಸಿದೆ, ಅಥವಾ ಹಾಗೆ ಆರಿಸಿದೆ ಎಂದು ನಂಬಿಕೊಂಡೆ. ಸಣ್ಣಗೆ ಸೀಳಿ, ಟಾರ್ಪಾಲು ಹೊದಿಸಿ ಮುಟ್ಟಿಸಿದೆ.

ಬಸಲಿಂಗವ್ವ ಒಂದು ತುಂಡನ್ನು ಮೂಗಿನ ಹತ್ತಿರ ಹಿಡಿದರು. “ಇದರ ವಾಸನಿ ಬ್ಯಾರೆ ಐತಲ್ಲೋ ತಮ್ಮಾ?”

“ಸಮುದ್ರದ ಗಾಳಿ ವಾಸ್ನೆ ಅಮ್ಮಾ. ಏನೂ ಆಗಲ್ಲ,” ಎಂದೆ.

ಅವರು ನಂಬಿದರು.

ಮೂರನೆಯ ದಿನ ಮತ್ತೆ ಹೋದಾಗ ಮನೆಗೆ ಬೀಗ. ಮನೆಯೊಡತಿ ಗೇಟಿಗೆ ಬಂದು ಹೇಳಿದಳು. ಹಿಂದಿನ ದಿನ ಸಂಜೆ ಬಾಣಂತಿಗೆ ವಾಂತಿ, ಕೂಸಿಗೆ ಕೆಮ್ಮು ಹತ್ತಿ ಉಸಿರು ಸಿಗದೆ ತುಟಿ ನೀಲಿಯಾಯಿತು, ಇಬ್ಬರನ್ನೂ ಆಸ್ಪತ್ರೆಗೆ ಒಯ್ದಿದ್ದಾರೆ.

ಹಿತ್ತಲಿಗೆ ಹೋದೆ. ಒಲೆಯ ಪಕ್ಕದಲ್ಲಿ ನಾನು ಕೊಟ್ಟ ಕಟ್ಟಿಗೆ ಅರ್ಧ ಉಳಿದಿತ್ತು. ಅರೆಬೆಂದ ಒಂದು ತುಂಡಿನ ತುದಿಯಲ್ಲಿ ಹಸಿರು ಬಣ್ಣದ ನೊರೆ ಒಣಗಿ ಅಂಟಿಕೊಂಡಿತ್ತು. ಮೂಸಿದೆ. ಮೂಗು ಉರಿಯಿತು. ಆಮೇಲೆ ನಾನು ಮಾಡಿದ ಕೆಲಸವನ್ನು ಇವತ್ತಿನವರೆಗೂ ಯಾರಿಗೂ ಬರೆದು ತಿಳಿಸಿಲ್ಲ. ಉಳಿದ ಅಷ್ಟನ್ನೂ, ಆ ಅರೆಬೆಂದ ತುಂಡನ್ನೂ ಸೇರಿಸಿ, ಕಟ್ಟಿ ಹೊತ್ತುಕೊಂಡು ಬಂದೆ. ಮನೆಯೊಡತಿ ಅದನ್ನು ಉಪಕಾರ ಎಂದುಕೊಂಡಳು. “ಪಾಪ, ಇನ್ನು ಅವರಿಗೆ ಬೇಡ ಅಲ್ವಾ,” ಎಂದಳು.

ಆಸ್ಪತ್ರೆಗೆ ಹೋದೆ. ವರಾಂಡದಲ್ಲಿ ಮಂಜುನಾಥ ಅತ್ತೆಯ ಎದುರು ನಿಂತಿದ್ದ.

“ಕೆಂಡಾ ಗಿಂಡಾ ಬ್ಯಾಡ ಅಂತ ಎಷ್ಟು ಸಲ ಹೇಳಿದ್ನಿರಿ ನಿಮಗ? ಡಾಕ್ಟರೂ ಅದನ್ನ ಹೇಳಿದ್ರು, ಹೊಗಿ ತುಂಬೇತಿ ಅಂತ. ನನ್ನ ಕೂಸು ಸತ್ತಿದ್ರ?”

ಬಸಲಿಂಗವ್ವ ಗೋಡೆಗೆ ಆತು ನಿಂತಿದ್ದರು. ನನ್ನನ್ನು ನೋಡಿದರು, ಸೆರಗು ಬಾಯಿಗೆ ಹಿಡಿದರು. ನಾನು ಸ್ವಲ್ಪ ಹೊತ್ತು ನಿಂತು, ಕೂಸು ಹೇಗಿದೆ ಎಂದು ನರ್ಸನ್ನು ಕೇಳಿ, ಮೆಟ್ಟಿಲಿಳಿದು ಬಂದೆ.

ಮರುದಿನ ಅಪ್ಪಲನರಸಮ್ಮ ಕೆಲಸಕ್ಕೆ ಬಂದವಳು ಶೆಡ್ಡಿನ ಆ ತುದಿಯ ಒಟ್ಟಿಲನ್ನು ನೋಡಿದಳು. ಒಂದು ಸಾಲು ಕಡಿಮೆಯಾಗಿತ್ತು. ನನ್ನ ಮುಖ ನೋಡಿದಳು. ನಾನು ಎಲ್ಲ ಹೇಳಿದೆ.

“ಹೋಗಿ ಅವರಿಗೆ ಹೇಳು,” ಎಂದಳು.

“ಕೂಸು ಹುಷಾರಾಗಲಿ, ಹೇಳ್ತೀನಿ.”

“ಹುಷಾರಾದ ಮೇಲೆ ಯಾಕೆ ಹೇಳಬೇಕು ಅನಿಸುತ್ತದೆ ಬಾಬು. ಈಗಲೇ ಹೋಗು.”

ಅವಳು ಹೇಳಿದಂತೆಯೇ ಆಯಿತು. ಒಂಬತ್ತು ದಿನಕ್ಕೆ ಕೂಸು ಮನೆಗೆ ಬಂತು. ಹತ್ತನೆಯ ದಿನ ಮಂಜುನಾಥ ಡಿಪೋಗೆ ಬಂದ. ಅತ್ತೆಯನ್ನು ಊರಿಗೆ ಕಳಿಸುತ್ತಿದ್ದೇನೆ, ನನಗೆ ಡ್ಯೂಟಿ ಬಿಡುವ ಹಾಗಿಲ್ಲ, ವಿಜಯವಾಡದಲ್ಲಿ ಹುಬ್ಬಳ್ಳಿಯ ಗಾಡಿ ಹತ್ತಿಸಬೇಕು, ಅವರಿಗೆ ಭಾಷೆ ಬರುವುದಿಲ್ಲ, ನೀವು ಹೋಗಿಬರುತ್ತೀರಾ ಎಂದು ಕೇಳಿದ. ಹೋಗುತ್ತೇನೆ ಎಂದೆ. ದಾರಿಯಲ್ಲಿ ಹೇಳಿಬಿಡಬಹುದು ಎಂದುಕೊಂಡೆ.

ಬೆಳಗಿನ ಗಾಡಿ. ಟ್ರಂಕಿನ ಮೇಲೆ ಅಂಟಿಸಲು ಅವರ ವಿಳಾಸವನ್ನು ನಾನೇ ಬರೆದೆ. ಕಿಟಕಿಯ ಪಕ್ಕ ಅವರು, ಎದುರಿಗೆ ನಾನು. ಅನಕಾಪಲ್ಲಿ ದಾಟಲಿ ಎಂದುಕೊಂಡೆ, ದಾಟಿತು. ತುನಿ ಬರಲಿ ಎಂದುಕೊಂಡೆ. ರಾಜಮಂಡ್ರಿಯಲ್ಲಿ ಗೋದಾವರಿಯ ಸೇತುವೆ ಬಂದಾಗ ಅವರು ಎದ್ದು ನಿಂತು ನದಿಗೆ ಕೈಮುಗಿದರು. “ಕೂಸು ಉಳೀತು. ಅಷ್ಟ ಸಾಕು,” ಎಂದರು. ಆಗ ಬಾಯಿ ತೆರೆದೆ. “ಅಮ್ಮಾ, ಆ ಕಟ್ಟಿಗೆ...” ಎಂದೆ. ಅವರು ನನ್ನ ಕಡೆ ತಿರುಗಿದರು. ಅದೇ ಹೊತ್ತಿಗೆ ಚಹದವನು ಬಂದ, ಪಕ್ಕದವರು ಕಾಲು ಸರಿಸಿದರು, ಲೋಟ ಕೈಗೆ ಬಂತು. “ಏನು ತಮ್ಮಾ?” ಎಂದರು. “ಏನಿಲ್ಲ ಬಿಡ್ರಿ,” ಎಂದೆ. ಏಲೂರು ಹೋಯಿತು. ವಿಜಯವಾಡ ಬಂತು.

ಹುಬ್ಬಳ್ಳಿಯ ಗಾಡಿಗೆ ಇನ್ನೂ ಮೂರು ತಾಸು ಇತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಇಡ್ಲಿ ತಂದುಕೊಟ್ಟೆ, ಮುಟ್ಟಲಿಲ್ಲ. ಗಾಡಿ ಬಂದು, ಟ್ರಂಕು ಸೀಟಿನ ಕೆಳಗೆ ತಳ್ಳಿ ಇಳಿಯಲು ಹೊರಟಾಗ ನನ್ನ ಕೈ ಹಿಡಿದುಕೊಂಡರು.

“ತಮ್ಮಾ, ನನ್ನಿಂದ ನಿನ್ನ ಕಟ್ಟಿಗಿಗೂ ಕೆಟ್ಟ ಹೆಸರು ಬಂತೋ ಏನೋ. ಆ ಓಣ್ಯಾಗ ಇನ್ನ ಯಾರು ತಗೋತಾರ? ಮನಸಿನ್ಯಾಗ ಇಟಗೋಬ್ಯಾಡ ಯಪ್ಪಾ.”

ನಾನು ಅವರ ಕಾಲಿಗೆ ಬಿದ್ದೆ. ಹಿರಿಯರೆಂದು ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡು ತಲೆ ಮುಟ್ಟಿ ಹರಸಿದರು. ಗಾಡಿ ಹೊರಟಿತು.

ಅಂದಿನಿಂದ ಬಂದರಿನ ಕಟ್ಟಿಗೆಯನ್ನು ಡಿಪೋದೊಳಗೆ ಬಿಡಲಿಲ್ಲ. ಯಜಮಾನರು ಕೇಳಿದ್ದಕ್ಕೆ ಮೊಳೆ ಜಾಸ್ತಿ, ಕೊಡಲಿ ಹಾಳಾಗುತ್ತದೆ ಎಂದೆ. ಅದೂ ಸುಳ್ಳೇ. ಅಪ್ಪಲನರಸಮ್ಮ ಈ ವಿಷಯವನ್ನು ಮತ್ತೆ ಎತ್ತಲಿಲ್ಲ. ಆದರೆ ತಾನು ಇರುವ ತನಕ, ಮನೆಗಳಿಗೆ ಹೋಗುವ ಪ್ರತಿಯೊಂದು ಹೊರೆಯನ್ನೂ ನಾನು ಕಟ್ಟಿದ ಮೇಲೆ ಬಿಚ್ಚಿ, ಮೂಸಿ, ಮತ್ತೆ ಕಟ್ಟುತ್ತಿದ್ದಳು. ಎಲ್ಲರ ಎದುರೇ. ನಾನು ಅವಳ ಮೇಸ್ತ್ರಿ. ಬೇಡ ಎನ್ನುವ ಮುಖ ನನಗಿರಲಿಲ್ಲ.

ಕೆಲಸ ಆಮೇಲೆ ಬಹಳ ಬದಲಾಯಿತು. ಗ್ಯಾಸು, ಗೀಸರು ಬಂದು ಗಾಜುವಾಕದ ಹಂಡೆಗಳೆಲ್ಲ ಅಟ್ಟ ಸೇರಿದವು. ಒಂದು ವರ್ಷ ದೊಡ್ಡ ಚಂಡಮಾರುತ ಬಂದು ಊರಿನ ಮರಗಳೆಲ್ಲ ಒಂದೇ ದಿನ ಮಲಗಿದವು. ಡಿಪೋದಲ್ಲಿ ನಡೆಯಲು ಜಾಗವಿಲ್ಲದಷ್ಟು ಕಟ್ಟಿಗೆ. ತನ್ನ ಮನೆ ಮುಂದಿನ ಬೇವು ಯಾವುದು ಎಂದು ಹುಡುಕಿಕೊಂಡು ಒಬ್ಬ ಟೀಚರಮ್ಮ ಬಂದಿದ್ದರು. ಸಾವಿರ ತುಂಡುಗಳಲ್ಲಿ ಅದನ್ನು ಎಲ್ಲಿ ಹುಡುಕುವುದು? ಯಾವುದೋ ಒಂದು ಬೇವಿನ ತುಂಡು ಕೊಟ್ಟು ಇದೇ ಎಂದೆ. ಎದೆಗೆ ಅವಚಿಕೊಂಡು ಹೋದರು. ಈಗ ಕಟ್ಟಿಗೆ ಸೀಳಲು ಯಂತ್ರ ಬಂದಿದೆ. ಗಂಟೋ ಸೀಳೋ ಅದು ನೋಡುವುದಿಲ್ಲ, ಒತ್ತುತ್ತದೆ, ಒಡೆಯುತ್ತದೆ. ತೇವ ಎಷ್ಟಿದೆ ಎಂದು ಹೇಳುವ ಸಣ್ಣ ಮೀಟರೂ ಇದೆ. ಒಳ್ಳೆಯದೇ. ಆದರೆ ಆ ಮರ ಎಲ್ಲಿಂದ ಬಂತು, ಯಾವುದರ ಅಡಿಯಲ್ಲಿ ಬಿದ್ದಿತ್ತು ಎನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ನೀವೇ ಕೇಳಬೇಕು. ಒಣ ಕಟ್ಟಿಗೆ ಇಲ್ಲದ ದಿನ ಇಲ್ಲ ಎನ್ನಿ. ಎದುರಿಗೆ ನಿಂತವರು ತಾಯಿಯಂಥವರಾದರೆ ಇನ್ನೂ ಬೇಗ ಎನ್ನಿ.

ಇಷ್ಟು ವರ್ಷ ನನಗೆ ಒಂದು ಸಮಾಧಾನವಿತ್ತು. ತಪ್ಪು ಪೂರ್ತಿ ನನ್ನದಲ್ಲ, ಬಾಣಂತಿ ಕೋಣೆಯ ಕಿಟಕಿ ಮುಚ್ಚಿದ್ದರೇನೋ, ಯಾವ ಕಟ್ಟಿಗೆಯಾದರೂ ಹೀಗೇ ಆಗುತ್ತಿತ್ತೇನೋ ಎಂದುಕೊಳ್ಳುತ್ತಿದ್ದೆ. ಆ ಸಮಾಧಾನವನ್ನು ಹೊತ್ತುಕೊಂಡೇ ಕಳೆದ ವರ್ಷ ಗದಗಿಗೆ ಹೋದೆ. ಟ್ರಂಕಿನ ಮೇಲೆ ನಾನೇ ಬರೆದ ವಿಳಾಸ ಮರೆತಿರಲಿಲ್ಲ.

ಬಾಗಿಲು ತೆರೆದವಳು ಗಿರಿಜಾ. ಗುರುತು ಹೇಳಿದ ಮೇಲೆ ಮುಖ ಅರಳಿತು. ಮಂಜುನಾಥ ನೌಕಾಪಡೆಯಿಂದ ನಿವೃತ್ತನಾಗಿ ಅದೇ ಮನೆಯಲ್ಲಿದ್ದಾನೆ. ಆ ಕೂಸು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದೆ. ಬಸಲಿಂಗವ್ವ ತೀರಿಕೊಂಡು ಒಂದು ವರ್ಷವಾಗಿತ್ತು. ನಾನು ಕೆಲಸ ಬಿಟ್ಟ ಮೇಲೂ ಎರಡು ವರ್ಷ ಅವರು ಬದುಕಿದ್ದರು. ಆ ಎರಡು ವರ್ಷವೂ ನಾನು ಬಸ್ಸು ಹತ್ತಬಹುದಾಗಿತ್ತು.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಬಂದರಿನ ಹಲಗೆ, ವಾಸನೆಯ ಬಗ್ಗೆ ಅವರು ಕೇಳಿದ್ದು, ನಾನು ಹೇಳಿದ ಸುಳ್ಳು, ಹಿತ್ತಲಿನಿಂದ ಎತ್ತಿಕೊಂಡು ಹೋದ ತುಂಡು, ರೈಲು. ಒಂದನ್ನೂ ಬಿಡಲಿಲ್ಲ. ಕೊನೆಗೆ, “ಕಿಟಕಿ ಮುಚ್ಚಿತ್ತೇನೋ ಅಂತ ನಾನು...” ಎಂದೆ.

“ಕಿಟಕಿ ತಗದಿತ್ತು,” ಎಂದಳು ಗಿರಿಜಾ. “ಅವ್ವ ದಿನಾ ಕೆಂಡ ತರೂ ಮೊದಲ ಕಿಟಕಿ ತಗೀತಿದ್ಲು. ಅವತ್ತೂ ತಗದಿದ್ಲು. ನಾ ಹೇಳಿದ್ನಿ, ಯಾರೂ ಕೇಳಲಿಲ್ಲ.”

ಅವಳೇ ಮುಂದುವರಿಸಿದಳು.

“ಈ ಓಣ್ಯಾಗಿನ ಕೂಸುಗಳಿಗೆಲ್ಲಾ ನಮ್ಮವ್ವನ ಎರೀತಿದ್ಲು. ಬಾಣಂತನ ಅಂದ್ರ ಬಸಲಿಂಗವ್ವನ್ನ ಕರೀರಿ ಅಂತಿದ್ರು. ವಿಶಾಖಪಟ್ಣದಿಂದ ಬಂದ ಮ್ಯಾಲ ಒಂದು ಕೂಸಿಗೂ ಎರೀಲಿಲ್ಲ. ಕೈ ನಡಗತಾವ ಅಂತಿದ್ಲು. ನಡಗತಿದ್ದಿಲ್ಲ. ನನ್ನ ಮಗ ಹುಟ್ಟಿದಾಗ ಹೊಸ್ತಿಲ ಹೊರಗ ಕೂತು ನೋಡಿದ್ಲು. ಒಳಗ ಬರಲಿಲ್ಲ.”

ಮಂಜುನಾಥ ಅಲ್ಲಿಯವರೆಗೆ ನೆಲ ನೋಡುತ್ತಿದ್ದ. “ಆಕಿ ಇದ್ದಾಗ ಯಾಕ ಬರಲಿಲ್ಲ ನೀವು?” ಎಂದ.

“ಅಂಜಿಕೆ,” ಎಂದೆ. ಬೇರೆ ಯಾವ ಕಾರಣವೂ ಇರಲಿಲ್ಲ.

ಅವನು ಎದ್ದು ಒಳಗೆ ಹೋದ. ಗಿರಿಜಾ ನನ್ನ ಎದುರಿಗಿದ್ದ ತಣ್ಣಗಾದ ಚಹದ ಬಟ್ಟಲು ತೆಗೆದುಕೊಂಡು ಹೋದಳು. ಕೂಡ್ರಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ನಾನು ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದೆ. ಒಳಗಿನ ಕೋಣೆಯಿಂದ ಮಂಜುನಾಥನ ಧ್ವನಿ ಕೇಳಿಸಿತು. ಮಗಳಿಗೆ ಫೋನು ಮಾಡಿದ್ದ.

“ಕ್ಲಾಸಿನ್ಯಾಗ ಇದ್ದಿ ಏನವಾ? ಹೊರಗ ಬಾ. ನಿಮ್ಮ ಅಜ್ಜಿ ಕೆಂಡದ ಕತಿ ಹೇಳತಿದ್ನೆಲ್ಲಾ ನಾ... ಆಕಿ ತಪ್ಪಿರಲಿಲ್ಲ. ಹೌದು. ಆಕಿ ಏನೂ ತಪ್ಪು ಮಾಡಿರಲಿಲ್ಲ.”

ಆ ಕಡೆಯಿಂದ ಏನು ಕೇಳಿದಳೋ ಗೊತ್ತಿಲ್ಲ. “ಇಲ್ಲವಾ,” ಎಂದ ಅವನು. “ಅಜ್ಜಿ ಮುಂದ ಇದನ್ನ ನಾ ಹೇಳಲಿಲ್ಲ. ನನಗ ಈಗ ಗೊತ್ತಾತು.”

ನಾನು ಚಪ್ಪಲಿ ಮೆಟ್ಟಿ ಓಣಿಗೆ ಇಳಿದೆ.